ಕಾದ ಕಬ್ಬಿಣದ ಬಣ್ಣ ನೋಡಿದವರಾರು

ಕುಲುಮೆ ಇಟ್ಟುಕೊಂಡವನ ಬಾಗಿಲಿಗೆ ನೆಟ್ಟಗಿರುವುದು ಯಾವತ್ತೂ ಬರುವುದಿಲ್ಲ. ಮೊಂಡಾದದ್ದು, ಮುರಿದದ್ದು, ಬಗ್ಗಿದ್ದು ಮಾತ್ರ ಬರುತ್ತದೆ. ಅದನ್ನು ಹಿಡಿದುಕೊಂಡು ಬರುವ ಮನುಷ್ಯನೂ ಹೆಚ್ಚುಕಮ್ಮಿ ಹಾಗೇ ಇರುತ್ತಾನೆ. ಗುಂಡ್ಲುಪೇಟೆಯ ಊಟಿ ರಸ್ತೆ ಪಕ್ಕದಲ್ಲಿ ಮೂವತ್ತು ವರ್ಷದಿಂದ ಮಚ್ಚು, ಕುಡುಗೋಲು ಬಡಿಯುತ್ತಿದ್ದೇನೆ. ಹೆಂಡತಿ ತಿದಿ ಒತ್ತುತ್ತಿದ್ದಳು. ಕರೆಂಟಿನ ಬ್ಲೋಯರ್ ಬಂದ ಮೇಲೆ ತಿದಿ ಮೂಲೆಗೆ ಹೋಯಿತು. ಹೋದ ವರ್ಷ ಎದೆನೋವು ಅಂದ ಒಂದೇ ದಿನದಲ್ಲಿ ಹೆಂಡತಿಯೂ ಹೋದಳು. ಈಗ ಹಳೆಯದೆಲ್ಲ ನೆನೆಸಿಕೊಂಡು ಒಬ್ಬನೇ ಕೂತು ನಗುತ್ತೇನೆ. ನಗು ಮುಗಿದ ಮೇಲೆ ಬಹಳ ಹೊತ್ತು ಏನೂ ತೋಚುವುದಿಲ್ಲ.

೧. ಮುರಿದ ಪಟ್ಟಿ

ನಮ್ಮ ಕಡೆಯ ಮಚ್ಚಿಗೆಲ್ಲ ಲಾರಿಯ ಕಮಾನು ಪಟ್ಟಿಯೇ ಉಕ್ಕು. ಲಾರಿಯ ಭಾರ ಹೊತ್ತು ಹಳೆಯದಾಗಿದ್ದರೆ ಒಳ್ಳೆಯದು, ಆದರೆ ಮುರಿದಿರಬಾರದು. ಒಂದು ಕಡೆ ಮುರಿದ ಪಟ್ಟಿಯಲ್ಲಿ ಇನ್ನೂ ನಾಲ್ಕು ಕಡೆ ಕಾಣದ ಬಿರುಕು ಇರುತ್ತದೆ.

ಇಲ್ಲಿಂದ ಕೇರಳಕ್ಕೆ ತರಕಾರಿ ಸಾಗಿಸುವ ಮಲಯಾಳಿ ಡ್ರೈವರ್ ಒಬ್ಬ ಮುರಿದ ಪಟ್ಟಿಯನ್ನೇ ತಂದು, "ಚೇಟ್ಟಾ, ಇದರಲ್ಲೇ ಮಚ್ಚು ಮಾಡಿ. ನನ್ನ ಲಾರಿಯದ್ದೇ ಆಗಬೇಕು" ಎಂದ. ಹೆಂಡತಿ ಪಟ್ಟಿಯನ್ನು ದಾರದಲ್ಲಿ ತೂಗುಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟಳು. ಒಳ್ಳೆಯ ಉಕ್ಕು ಗಂಟೆಯ ಹಾಗೆ ಎಳೆದು ದನಿ ಕೊಡುತ್ತದೆ. ಇದು ಟೊಕ್ ಎಂದು ಸುಮ್ಮನಾಯಿತು.

"ಇದ್ರ ಒಟ್ಟೆ ಒಳಗೆ ಏನೋ ಸರಿಯಿಲ್ಲ, ಬ್ಯಾಡ ಬುಡಿ" ಎಂದಳು.

"ನೀನೇನು ಡಾಕ್ಟ್ರಾ?" ಎಂದು ನಾನು ಬಡಿದೇಬಿಟ್ಟೆ.

ಮೊದಲ ಎಳನೀರಿಗೇ ಮಚ್ಚು ಎರಡಾಯಿತು. ಡ್ರೈವರ್ ಬೈಯಲಿಲ್ಲ. ಉಳಿದ ತುಂಡಿನಲ್ಲಿ ಕತ್ತಿ ಮಾಡಿಸಿಕೊಂಡ. ಅದೂ ಮುರಿಯಿತು. ಆಮೇಲೆ ಚಾಕು. ಅದೂ ಮುರಿಯಿತು. ಕೊನೆಗೆ ಹೆಬ್ಬೆರಳಿನಷ್ಟು ಉಳಿದದ್ದನ್ನು ಕಿತ್ತಲೆ ಸುಲಿಯಲು ಜೇಬಿನಲ್ಲಿ ಇಟ್ಟುಕೊಂಡು, "ಈಗ ಗಟ್ಟಿಯಾಗಿದೆ ಚೇಟ್ಟಾ, ಇನ್ನು ಮುರಿಯಲು ಇದರಲ್ಲಿ ಜಾಗವೇ ಇಲ್ಲ" ಎಂದು ಸಮಾಧಾನ ಹೇಳಿ ಹೋದ. ಹೆಂಡತಿ ಆ ದಿನವೆಲ್ಲ ನನ್ನನ್ನು ಡಾಕ್ಟ್ರೇ ಎಂದೇ ಕರೆದಳು.

೨. ಕಾಡಿಗೆ ಹೊರಟವನ ಕತ್ತಿ

ಮೈಸೂರಿನಿಂದ ಬೈಕಿನಲ್ಲಿ ಒಬ್ಬ ಯುವಕ ಬಂದ. ಬುಷ್‌ಕ್ರಾಫ್ಟ್ ಕತ್ತಿ ಬೇಕಂತೆ. ಹಾಗೆಂದರೇನು ಎಂದು ಕೇಳಿದೆ. ಕಾಡಿನಲ್ಲಿ ಒಂದೇ ಕತ್ತಿಯಲ್ಲಿ ಸೌದೆ ಸೀಳಿ, ಗುಡಿಸಲು ಕಟ್ಟಿ, ಅಡುಗೆ ಮಾಡಿಕೊಂಡು ಬದುಕುವ ವಿದ್ಯೆ ಎಂದ. ನಮ್ಮೂರಲ್ಲಿ ಅದಕ್ಕೆ ಹೆಸರೇ ಇಲ್ಲ, ಸುಮ್ಮನೆ ಬದುಕುತ್ತಾರೆ.

"ಉಕ್ಕು ಯಾವುದು ಹಾಕ್ತೀರಾ? ಗ್ರೈಂಡ್ ಯಾವುದು ಕೊಡ್ತೀರಾ?" ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದ. ಗ್ರೈಂಡ್ ಎಂದರೆ ಅಲಗಿನ ಬಾಯಿಯ ಆಕಾರ. ಚಪ್ಪಟೆ ಬಾಯಿ ಅಂತೆ, ಉಬ್ಬಿದ ಬಾಯಿ ಅಂತೆ. ನಾನು ಗೋಡೆಯ ಮೇಲಿದ್ದ ಎರಡನ್ನು ಇಳಿಸಿದೆ.

"ನೋಡಪ್ಪ, ಇದು ತೆಳು ಬಾಯಿ. ಹಣ್ಣು, ತರಕಾರಿಗೆ. ಕೊಂಬೆಗೆ ಹೊಡೆದರೆ ಹಲ್ಲು ಉದುರುತ್ತದೆ. ಇದು ಹೊಟ್ಟೆ ಬಿಟ್ಟ ಬಾಯಿ. ಕೊಂಬೆ ಸೀಳುತ್ತದೆ, ಟೊಮೆಟೊ ಕೊಟ್ಟರೆ ಜಜ್ಜಿ ಹಾಕುತ್ತದೆ. ನಿನಗೆ ಯಾವುದು?"

"ಎರಡೂ ಒಂದರಲ್ಲೇ ಬೇಕು."

"ಅಂಥದ್ದು ಸಿಗೋದಾಗಿದ್ದರೆ ಎಲ್ರೂ ಒಂದೇ ಕತ್ತಿ ಕೊಳ್ತಿದ್ರು, ನಾನು ಬೇರೆ ಕೆಲಸ ಹುಡುಕ್ಕೋಬೇಕಿತ್ತು" ಎಂದೆ.

ಕೊನೆಗೆ ಹೊಟ್ಟೆ ಬಿಟ್ಟದ್ದನ್ನೇ ಒಪ್ಪಿಕೊಂಡ. ಹದ ಕೊಡುವಾಗ ನನ್ನ, ಹೆಂಡತಿಯ ಪಕ್ಕದಲ್ಲೇ ನಿಂತ. ಹದ ಎಂದರೆ ಕಾದ ಉಕ್ಕನ್ನು ಸರಿಯಾದ ಗಳಿಗೆಯಲ್ಲಿ ಎಣ್ಣೆಗೆ ಅದ್ದುವುದು. ಅವಸರಪಟ್ಟರೆ ಬಾಯಿ ಮಡಚಿಕೊಳ್ಳುತ್ತದೆ, ತಡವಾದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಆ ಗಳಿಗೆಯನ್ನು ಉಕ್ಕಿನ ಬಣ್ಣ ನೋಡಿ ತಿಳಿಯಬೇಕು. ಯುವಕ ಜೇಬಿನಿಂದ ಹಳೆಯ ಸ್ಪೀಕರಿನ ಅಯಸ್ಕಾಂತ ತೆಗೆದ. "ಸರಿಯಾಗಿ ಕಾದ ಉಕ್ಕಿಗೆ ಇದು ಅಂಟಲ್ಲ ಸರ್. ಬಣ್ಣ ನೋಡೋದೇ ಬೇಡ" ಎಂದ.

ನನಗೆ ಸಿಟ್ಟು ಬಂತು. "ಅಪ್ಪ, ತಾತನ ಕಾಲದಿಂದ ಕಣ್ಣಲ್ಲೇ ನೋಡಿದ್ದೀವಿ. ಅದನ್ನ ನಿನ್ನ ಫ್ರಿಜ್ಜಿಗೆ ಅಂಟಿಸ್ಕೋ ಹೋಗು" ಎಂದೆ. ಪಾಪ, ಅಯಸ್ಕಾಂತವನ್ನು ಕಟ್ಟೆಯ ಮೇಲೆ ಮರೆತು ಹೋದ.

ಬಂಡೀಪುರದ ಕಾಡಿನೊಳಗೆ ಯಾರನ್ನೂ ಬಿಡುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ವಾರದ ಮೇಲೆ ಬಂದು ಫೋಟೋ ತೋರಿಸಿದ. ಹೋಂಸ್ಟೇಯ ಅಡುಗೆಮನೆಯಲ್ಲಿ ಅದೇ ಕತ್ತಿಯಿಂದ ಟೊಮೆಟೊ ಜಜ್ಜುತ್ತಿದ್ದ.

೩. ನೆಲದ ಮೇಲಿನ ಇಕ್ಕಳ

ಅದಾಗಿ ಕೆಲವೇ ತಿಂಗಳಲ್ಲಿ ನನ್ನ ಕಣ್ಣಿಗೆ ಮಂಜು ಕವಿಯಿತು. ಕೆಂಪು, ಕಿತ್ತಲೆ ಎಲ್ಲ ಒಂದೇ ಆಯಿತು. ಬಣ್ಣ ಕಾಣದ ಆಚಾರಿಯ ಹತ್ತಿರ ಯಾರು ಕತ್ತಿ ಮಾಡಿಸುತ್ತಾರೆ? ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ. ಕುಲುಮೆ ಮುಚ್ಚಿದರೆ ನನಗೆ ಬೇರೆ ಏನೂ ಬರುವುದಿಲ್ಲ. ಭಯವಾಗಿ ಹೆಂಡತಿಯೊಬ್ಬಳಿಗೇ ಹೇಳಿದೆ.

"ಬಣ್ಣ ನಾ ನೋಡ್ತೀನಿ, ನೀವು ಇಕ್ಕಳ ಇಡ್ಕಳಿ. ಯಾರ್ಗೂ ಏಳ್ಬ್ಯಾಡಿ" ಎಂದಳು.

ಅಂದಿನಿಂದ ಅವಳು ಉದ್ದನೆಯ ಕಡ್ಡಿಯೊಂದನ್ನು ಇಟ್ಟುಕೊಂಡಳು. ಒಲೆಯೊಳಗೆ ಅದನ್ನು ಒಂದು ಸಲ ಆಡಿಸಿ "ತಗೀರಿ" ಎನ್ನುವಳು, ನಾನು ಎಣ್ಣೆಗೆ ಅದ್ದುವೆ. ಆ ಕಡ್ಡಿಯನ್ನು ನನಗೆ ಮುಟ್ಟಗೊಡುತ್ತಿರಲಿಲ್ಲ. "ನಿಮ್ ಕೈಗೆ ಕೊಟ್ರೆ ಎಲ್ಡೇ ದಿನಕ್ಕೆ ಬಗ್ಗಿಸ್ಬುಡ್ತೀರಿ" ಎಂದು ತನ್ನ ಎಲೆಅಡಿಕೆ ಚೀಲದ ಪಕ್ಕ ಮೊಳೆಗೆ ನೇತುಹಾಕುವಳು.

ನಮ್ಮಲ್ಲಿ ಕತ್ತಿ, ಇಕ್ಕಳ ಯಾವುದನ್ನೂ ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳವಾಗುತ್ತದೆ ಎಂದು ನೆಲದ ಮೇಲೆ ಇಡುತ್ತೇವೆ. ಅವಳು ಇಡುವಳು, ನಾನು ತಡಕುವೆ, ಅವಳೂ ಬಗ್ಗುವಳು, ಇಬ್ಬರ ತಲೆಯೂ ಢೀ. ದಿನಕ್ಕೆ ಎರಡು ಸಲವಾದರೂ ಇದು ಆಗುತ್ತಿತ್ತು.

"ನಿಂಗೇನು ಕಣ್ಣು ಕಾಣಲ್ವಾ?" ಎಂದು ನಾನು ರೇಗುವೆ.

"ನಂಗೆ ಕಾಣ್ತದೆ. ಕಾಣ್ದಿರೋರು ನೀವು" ಎಂದು ಅವಳು ಹಣೆ ಉಜ್ಜಿಕೊಳ್ಳುವಳು.

ಲಂಟಾನ ಪೊದೆ ಕಡಿಯುವ ಕೆಲಸದ ಭೀಮನಬೀಡಿನ ಫಾರೆಸ್ಟ್ ವಾಚರ್ ಒಬ್ಬ ನಮ್ಮ ಖಾಯಂ ಗಿರಾಕಿ. ಅವನು ಇದನ್ನು ನೋಡಿ, "ಆಚಾರಣ್ಣ, ಜಗಳ ಆಗ್ಬಾರ್ದು ಅಂತ ನೆಲುಕ್ಕೆ ಇಕ್ತೀರಿ, ಆಮೇಲೆ ಟಗರು ಕಾಳಗ ಮಾಡ್ತೀರಲ್ಲ!" ಎಂದ. ನಾನು ಕೆಳಗೆ ಬಗ್ಗುವಾಗಲೆಲ್ಲ ಹಣೆಗೆ ಒಂದು ಕೈ ಅಡ್ಡ ಹಿಡಿಯುವುದನ್ನು ರೂಢಿ ಮಾಡಿಕೊಂಡೆ.

೪. ಚಾಮರಾಜನಗರದ ಭಾಷಣ

ಆಶ್ಚರ್ಯವೆಂದರೆ ನನ್ನ ಕಣ್ಣು ಹೋದ ಮೇಲೆ ಕತ್ತಿಗಳಿಗೆ ಹೆಸರು ಬಂತು. ದೂರದ ಕುದೇರಿನಿಂದೆಲ್ಲ ಗಿರಾಕಿಗಳು ಹುಡುಕಿಕೊಂಡು ಬಂದರು. ಚಾಮರಾಜನಗರದಲ್ಲಿ ನಡೆದ ಕರಕುಶಲ ಮೇಳವೊಂದಕ್ಕೆ ನನ್ನನ್ನು ಕರೆದು, "ಬಣ್ಣ ನೋಡಿ ಹದ ಕೊಡುವ ಬಗೆ" ಎಂದು ಮಾತಾಡಿಸಿದರು. ಅರ್ಧ ಗಂಟೆ ಕಣ್ಣಿನ ಮಹಿಮೆ ಕೊಚ್ಚಿದೆ. ಚಪ್ಪಾಳೆ ಬಿತ್ತು. ಹಾರ ಹಾಕಿದವರಿಗೆ ಕೈಮುಗಿಯಲು ಹೋಗಿ ಶಾಮಿಯಾನದ ಕಂಬಕ್ಕೆ ಮುಗಿದೆ. ವಿನಯ ಅಂದರೆ ಇದು ಎಂದು ಯಾರೋ ಹೊಗಳಿದರು.

ಹೆಂಡತಿ ಠೀವಿಯಿಂದ ನನ್ನ ಕೈಹಿಡಿದು ಬಸ್‌ಸ್ಟ್ಯಾಂಡಿಗೆ ಕರೆತಂದು, ಬೋರ್ಡು ಓದಿದವಳಂತೆ ತಲೆಯೆತ್ತಿ ನೋಡಿ, ಬಸ್ಸು ಹತ್ತಿಸಿದಳು. ಟಿಕೆಟ್ ಕೇಳಲು ಬಂದ ಕಂಡಕ್ಟರ್, "ಯಜಮಾನ್ರೇ, ಇದು ಕೊಳ್ಳೇಗಾಲಕ್ಕೆ ಹೋಗ್ತದೆ" ಎಂದ.

"ನಾಕನೇ ಕ್ಲಾಸು ಓದಿದ್ದೀನಿ ಅಂತೀಯ, ಗುಂಡ್ಲುಪೇಟೆ ಅಂತ ಓದೋಕೆ ಬರಲ್ವಾ?" ಎಂದು ಎಲ್ಲರ ಎದುರಿಗೇ ಬೈದೆ.

ಅವಳು ಸೆರಗು ಸರಿಮಾಡಿಕೊಂಡು, "ಊಂ, ಓದ್ದೆ. ಮದ್ವೆ ಆದಾಗಿಂದ ನನ್ನ ಎಲ್ಲಿಗಾದ್ರೂ ಕರ್ಕಂಡೋಗಿದ್ದೀರಾ? ಸುತ್ತಾಡ್ಕಂಡು ಓಗನ ಅಂತ್ಲೇ ಅತ್ಸುದ್ದು" ಎಂದಳು. ಹಾರ ಹಾಕಿಕೊಂಡೇ ಮುಂದಿನ ಸ್ಟಾಪಿನಲ್ಲಿ ಇಳಿದೆ.

೫. ಕಡ್ಡಿ

ಅವಳು ಹೋಗುವುದಕ್ಕೆ ಒಂದು ವಾರ ಮುಂಚೆ ವಾಚರ್ ಹೊಸ ಮಚ್ಚು ಹೇಳಿದ್ದ. ಪಟ್ಟಿಯನ್ನು ಅವಳೇ ತಟ್ಟಿ ನೋಡಿ, ಆರಿಸಿ, ಸುಣ್ಣದಲ್ಲಿ ಗುರುತು ಹಾಕಿದ್ದಳು. ನಾನು ಬಡಿದು ಆಕಾರ ತಂದೆ, ಲಂಟಾನಕ್ಕೆ ತಕ್ಕಂತೆ ಹೊಟ್ಟೆ ಬಿಟ್ಟ ಬಾಯಿ ತೆಗೆದೆ. ಹದವೊಂದು ಬಾಕಿ ಇತ್ತು. ಅಷ್ಟರಲ್ಲಿ ಅವಳು ಇಲ್ಲವಾದಳು.

ಬಣ್ಣ ನೋಡುವವರಿಲ್ಲ. ಹದ ಕೆಟ್ಟ ಮಚ್ಚು ಕಾಡಿನಲ್ಲಿ ಮುರಿದರೆ ಅವನ ಕಾಲು ಹೋಗುತ್ತದೆ. ಎಂಟು ತಿಂಗಳು ಸುಳ್ಳು ಹೇಳಿದೆ. ಇದ್ದಿಲು ನೆಂದಿದೆ, ಬ್ಲೋಯರ್ ಕೆಟ್ಟಿದೆ, ಇವತ್ತು ಅಮಾವಾಸ್ಯೆ.

"ಆಚಾರಣ್ಣ, ಅಮಾಸೆ ಎಲ್ಲರ್ಗೂ ತಿಂಗ್ಳಿಗೊಂದ್ಸಲ ಬತ್ತದೆ, ನಿಮ್ಗೆ ವಾರವಾರ ಬತ್ತದಲ್ಲ" ಎಂದು ಅವನು ಮೊನ್ನೆ ಬಂದು ಅಲ್ಲಾಡದೆ ಕೂತ. ನನಗೆ ಅಳು ಬಂತು. ಎಲ್ಲ ಹೇಳಿಬಿಟ್ಟೆ. ಮಚ್ಚು ಬೇರೆ ಕಡೆ ಮಾಡಿಸಿಕೋ, ನಾನು ಕುಲುಮೆ ಮುಚ್ಚುತ್ತೇನೆ ಎಂದೆ.

ಅವನು ಎದ್ದು ಒಲೆಯ ಹತ್ತಿರ ಬಂದು, "ಅಷ್ಟೇ ತಾನೇ, ಬಣ್ಣ ನಾ ನೋಡ್ತೀನಿ, ಅಚ್ಚಿ ಬೆಂಕಿಯ" ಎಂದ. ಹಚ್ಚಿದೆ. ಮಚ್ಚು ಕಾಯಿತು.

"ಯಾವ ಬಣ್ಣ?"

"ಕೆಂಪು."

"ಯಾವ ಕೆಂಪು?"

"ಕೆಂಪು ಅಂದ್ರೆ ಕೆಂಪು ಕಣಣ್ಣ. ಬಸ್ಸಿನ್ ಕೆಂಪು."

ಇದು ಆಗುವ ಮಾತಲ್ಲ ಎಂದು, ಇದ್ದಿಲು ಸರಿಸಲು ಗೋಡೆಯ ಮೇಲಿದ್ದ ಅವಳ ಕಡ್ಡಿಯನ್ನು ಮೊದಲ ಸಲ ಕೈಗೆ ತೆಗೆದುಕೊಂಡೆ. ಅದು ಠಕ್ಕೆಂದು ನನ್ನ ಇಕ್ಕಳಕ್ಕೆ ಕಚ್ಚಿಕೊಂಡಿತು. ಎಳೆದರೂ ಬಿಡಲಿಲ್ಲ.

ವಾಚರ್ ಬಗ್ಗಿ ನೋಡಿದ. "ತುದೀಲಿ ಕಂಬಿ ಸುತ್ತಿ ಅಯಸ್ಕಾಂತ ಕಟ್ಟವ್ಳಲ್ಲ ಅಕ್ಕ! ಸ್ಪೀಕರಿಂದು!"

ಬೈಕಿನ ಯುವಕ ಮರೆತು ಹೋದದ್ದೇ ಅದು. ಕಡ್ಡಿ ತೆಗೆಯುವಾಗ ಅವಳ ಎಲೆಅಡಿಕೆ ಚೀಲ ಕೆಳಗೆ ಬಿದ್ದಿತ್ತು. ಒಣಗಿದ ಅಡಿಕೆಯ ನಡುವೆ ಮಡಿಸಿದ ಚೀಟಿಯೊಂದಿತ್ತು. ವಾಚರ್ ಬಿಡಿಸಿ ಓದಿದ. ಕಣ್ಣಿನ ಶಿಬಿರದ ಚೀಟಿ, ಮೂರು ವರ್ಷದ ಹಿಂದಿನದು, ಅವಳ ಹೆಸರಿನಲ್ಲಿ. ಎರಡೂ ಕಣ್ಣಿಗೆ ಪೊರೆ ಬಲಿತಿದೆ, ಕೂಡಲೇ ಆಪರೇಷನ್‌ಗೆ ಬರಬೇಕು.

ಬ್ಲೋಯರ್ ಒಂದೇ ಸದ್ದು ಮಾಡುತ್ತಿತ್ತು.

"ಅಂಗಾರೆ ಆಚಾರಣ್ಣ," ಅವನು ಮೆಲ್ಲಗೆ ಕೇಳಿದ, "ಅಷ್ಟು ದಿನ ಬಣ್ಣ ನೋಡ್ದೋರು ಯಾರು?"

"ಯಾರೂ ನೋಡಿಲ್ಲ."

"ನನ್ ಸೊಂಟದಲ್ಲಿರೋ ಈ ಹಳೇ ಮಚ್ಚು?"

"ಅದೂ ಅಷ್ಟೇ."

ಅವನು ಸೊಂಟದ ಮಚ್ಚನ್ನು ತೆಗೆದು ಒಂದು ಸಲ ನೋಡಿ ನಗತೊಡಗಿದ. ನಾನೂ ನಕ್ಕೆ. ಕಂಬಕ್ಕೆ ಕೈಮುಗಿದದ್ದು, ಕೊಳ್ಳೇಗಾಲದ ಬಸ್ಸು, ದಿನಾ ಹೊಡೆದುಕೊಂಡ ತಲೆ ಎಲ್ಲ ಒಟ್ಟಿಗೇ ನೆನಪಾಯಿತು. ನನ್ನ ಭಯ ದೊಡ್ಡದು ಎಂದುಕೊಂಡಿದ್ದೆ. ಅವಳು ತನ್ನ ಭಯವನ್ನು ನನಗೆ ಹೇಳಲೇ ಇಲ್ಲ.

ಕಡ್ಡಿಯನ್ನು ಒಲೆಯೊಳಗೆ ಆಡಿಸಿದೆ. ಮೊದಲು ಮಚ್ಚು ಎಳೆದುಕೊಂಡಿತು. ಇನ್ನೂ ಸ್ವಲ್ಪ ಕಾಯಿಸಿದೆ. ಈ ಸಲ ಕಡ್ಡಿ ಸುಮ್ಮನೆ ಜಾರಿತು. "ತಗೀರಿ" ಎಂದು ಹೇಳುವವರಿಲ್ಲದೆ ನಾನೇ ತೆಗೆದು ಎಣ್ಣೆಗೆ ಅದ್ದಿದೆ. ತಣ್ಣಗಾದ ಮೇಲೆ ವಾಚರ್ ಅರದಿಂದ ಉಜ್ಜಿ ನೋಡಿದ. ಅರ ಜಾರಿತು, ಕಚ್ಚಲಿಲ್ಲ. ಹದ ಹಿಡಿದಿತ್ತು.

ಇಕ್ಕಳ ಕೆಳಗೆ ಬಿದ್ದಿತ್ತು, ತೆಗೆದುಕೊಳ್ಳಲು ಬಗ್ಗಿದೆ.

"ಯಾಕಣ್ಣ ಅಣೆ ಇಡ್ಕಂಡಿದ್ದೀರಿ, ತಲೆ ನೋಯ್ತದಾ?" ಎಂದ ವಾಚರ್.

"ಇಲ್ಲ ಕಣಪ್ಪ" ಎಂದೆ. "ಇನ್ಮೇಲೆ ನೋಯಲ್ಲ."