ನಂಬರ್ ಬಿದ್ದ ಕುರ್ಚಿ

ಆಪರೇಟರನ ಕುರ್ಚಿಗೆ ಬೆನ್ನಿರಲಿಲ್ಲ. ತಿಂದು ಬಿಟ್ಟ ಮೀನಿನ ಮುಳ್ಳಿನಂತೆ ಎರಡು ಕಬ್ಬಿಣದ ಕಡ್ಡಿಗಳು ಮಾತ್ರ ಹಿಂದೆ ನಿಂತಿದ್ದವು. ದಿನವಿಡೀ ಅದರ ಮೇಲೆ ಕೂತು ಅವನು ನೀರಿನ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸಬೇಕು. ಎದುರು ಗೋಡೆಗೆ ಮ್ಯಾನೇಜರ್ ಒಂದು ಚಿತ್ರ ಅಂಟಿಸಿದ್ದರು: 'ಬೆನ್ನು ಒರಗಲಿ, ಪಾದ ನೆಲ ಮುಟ್ಟಲಿ, ಪರದೆಯ ಮೇಲಂಚು ಕಣ್ಣಿಗೆ ಸಮನಾಗಿರಲಿ.' ಚಿತ್ರದ ಮನುಷ್ಯ ನಗುತ್ತಿದ್ದ. ಅವನ ಕುರ್ಚಿಗೆ ಬೆನ್ನಿತ್ತು.

ಹೊಸ ಕುರ್ಚಿ ಕೇಳಿದಾಗಲೆಲ್ಲ ಸ್ಟೋರಿನವನು "ನೋಡೋಣ" ಎನ್ನುತ್ತಿದ್ದ. ಅವನು ನೋಡಿದ್ದನ್ನು ಯಾರೂ ನೋಡಿರಲಿಲ್ಲ.

ಆ ಬೆಳಿಗ್ಗೆ ಮುಖ ತೊಳೆಯಲು ಬಗ್ಗಿದ ಆಪರೇಟರ್ ಬಗ್ಗಿದಂತೆಯೇ ಉಳಿದ. ಹೇಗೋ ಗೋಡೆ ಹಿಡಿದು ನೆಟ್ಟಗಾದವನು, ಹೆಂಡತಿ ಹೊಲಿಗೆ ಯಂತ್ರದ ಮುಂದೆ ಹಾಕಿಕೊಳ್ಳುವ ಮರದ ಕುರ್ಚಿಯನ್ನು ಹೆಗಲಿಗೇರಿಸಿದ.

"ಇವತ್ತು ಆಫೀಸಿನವ್ರಿಗೆ ನಾಚಿಕೆ ಆಗ್ಬೇಕು!"

"ಆಗ್ಲಿ. ಸಂಜೆ ಕುರ್ಚಿ ಮನೇಲಿರ್ಬೇಕು. ರಾಶಿ ಯೂನಿಫಾರ್ಮ್ ಬಿದ್ದಿದೆ, ನಾಳೆ ಕೊಡ್ಲಿಲ್ಲಾಂದ್ರೆ ಗಿರಾಕಿ ಹೋಯ್ತು. ನೀವು ತಡ ಆದ್ರೂ ಪರ್ವಾಗಿಲ್ಲ, ಅದು ಬೇಗ ಬರ್ಲಿ."

ಆಫೀಸಿನಲ್ಲಿ ಬೆನ್ನು ಒರಗಿತು, ಪಾದ ನೆಲ ಮುಟ್ಟಿತು. ಲೆಕ್ಕದ ಮೇಡಂ ಹಳೆಯ ಫೈಲುಗಳನ್ನು ತಂದು ಪರದೆಯ ಕೆಳಗೆ ತುರುಕಿ, "ಈಗ ಚಿತ್ರದಲ್ಲಿರೋನ ತಮ್ಮನ ಹಾಗೇ ಕಾಣ್ತೀಯಪ್ಪ" ಎಂದರು.

ಊಟ ಮುಗಿಸಿ ಬಂದರೆ ಕುರ್ಚಿಯ ಹಿಂಗಾಲಿನ ಮೇಲೆ ಬಿಳಿ ಬಣ್ಣದಲ್ಲಿ ನಲವತ್ತೇಳು ಎಂದಿತ್ತು. ಪಕ್ಕದಲ್ಲಿ ಸ್ಟೋರಿನವನು ಕುಂಚ ಒರೆಸುತ್ತಿದ್ದ.

"ಇದೇನ್ರೀ?"

"ನಂಬರಿಲ್ಲದ ಕುರ್ಚಿ ಒಳಗಿರೋ ಹಾಗಿಲ್ಲ. ನಿಮ್ಮ ಹಳೇದರ ನಂಬರೇ ಹಾಕಿದೀನಿ. ಹಳೇದು ಗುಜರಿಗೆ ಹೋಯ್ತು."

"ಇದು ನನ್ನ ಹೆಂಡ್ತಿ ಕುರ್ಚಿ!"

"ಆಗಿತ್ತು. ಈಗ ಆಫೀಸಿಂದು. ಗೇಟು ದಾಟಲ್ಲ. ನಂಬರ್ ಕೆರೆದ್ರೆ ಕಳ್ಳತನ, ನೋಡಿ ಮತ್ತೆ."

"ತಡ್ಕೋ, ಮ್ಯಾನೇಜರಿಗೆ ಒಂದ್ಮಾತು ಹೇಳ್ತೀನಿ" ಎಂದರು ಮೇಡಂ.

"ಬೇಡ ಮೇಡಂ! ನನ್ನ ಕುರ್ಚಿಗೆ ನಾನ್ಯಾಕೆ ಯಾರ್ದೋ ಕಾಲು ಹಿಡೀಲಿ?"

ಮೇಡಂ ಮೂಗು ಮುರಿದು ಹೊರಟುಹೋದರು. ಆಪರೇಟರ್ ಅಂಗಳಕ್ಕಿಳಿದ. ಕಿಟಕಿ ರಿಪೇರಿ ಮಾಡುತ್ತಿದ್ದ ಬಡಗಿಯ ಗರಗಸ ತಂದ. ಇಡೀ ಆಫೀಸು ನೋಡುತ್ತಿದ್ದಂತೆ, ನೋವಿಗೆ ಹಲ್ಲು ಕಚ್ಚಿ, ನಂಬರ್ ಬಿದ್ದ ಕಾಲನ್ನು ಬುಡದಿಂದ ಕೊಯ್ದು ಸ್ಟೋರಿನವನ ಕೈಗಿಟ್ಟ.

"ಕೆರೆದಿಲ್ಲ, ನೋಡ್ಕೊಳ್ಳಿ. ನಿಮ್ಮ ನಂಬರು ನಿಮಗೆ. ಮಿಕ್ಕಿದ್ದು ನನ್ನ ಹೆಂಡ್ತಿಗೆ."

ಸ್ಟೋರಿನವನು ಆ ಕಾಲನ್ನು ಆಗತಾನೆ ಹುಟ್ಟಿದ ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದು ನಿಂತ.

ಸಂಜೆ ಆಪರೇಟರ್ ಮೂರು ಕಾಲಿನ ಕುರ್ಚಿ ಹೊತ್ತು, ಯುದ್ಧ ಗೆದ್ದವನಂತೆ ಗೇಟಿಗೆ ಬಂದ. ಒಂದು ಕಾಲು ತಾನೇ, ಯಾವ ಬಡಗಿಯಾದರೂ ಜೋಡಿಸುತ್ತಾನೆ.

"ಬನ್ನಿ ಸಾರ್!" ಎಂದ ಕಾವಲುಗಾರ. "ಲೆಕ್ಕದ ಮೇಡಂ ಹೋಗಿ ಹೇಳಿದ್ರಂತೆ. ನಲವತ್ತೇಳನೇ ನಂಬರ್ ಹೊರಗೆ ಬಿಡು ಅಂತ ಮ್ಯಾನೇಜರ್ ಸಾಹೇಬ್ರೇ ಫೋನ್ ಮಾಡಿದ್ರು." ಕುರ್ಚಿಯ ಸುತ್ತ ಒಂದು ಸುತ್ತು ಬಂದ. "ಇದರಲ್ಲಿ ನಂಬರೆಲ್ಲಿ?"

"ಅದು... ಸ್ಟೋರಲ್ಲಿದೆ."

"ಹಾಗಾದ್ರೆ ಇದು ಬೇರೆ ಕುರ್ಚಿ. ಬಿಡೋಕಾಗಲ್ಲ."

"ಮ್ಯಾನೇಜರನ್ನೇ ಕೇಳ್ರೀ!"

"ಈಗಷ್ಟೇ ರಜ ಹಾಕಿ ಹೋದ್ರು. ಬೆನ್ನು ನೋವಂತೆ."

ಅಷ್ಟರಲ್ಲಿ ಸ್ಟೋರಿನವನು ಏದುಸಿರು ಬಿಡುತ್ತ ಓಡಿಬಂದ. "ಸಾಹೇಬ್ರ ಅಪ್ಪಣೆ ಆಗಿದೆ. ತಗೊಳ್ಳಿ ನಿಮ್ಮ ನಲವತ್ತೇಳು." ಕಾಲನ್ನು ಆಪರೇಟರನ ಕೈಗೆ ಕೊಟ್ಟು, ಕುರ್ಚಿಯನ್ನು ಒಳಗೆ ಎಳೆದುಕೊಂಡು ಹೋದ. ಅದಕ್ಕೆ ನಂಬರ್ ಹಾಕುವುದಿತ್ತು.

ಕಾವಲುಗಾರ ನಂಬರ್ ಓದಿ, ಗೇಟು ತೆಗೆದು, ಸಲಾಮು ಹೊಡೆದ.

ಬಾಗಿಲು ತೆರೆದ ಹೆಂಡತಿ ಅವನ ಕೈ ನೋಡಿದಳು. "ಕುರ್ಚಿ?"

"ಬರ್ತಾ ಇದೆ," ಎಂದ ಆಪರೇಟರ್, ಎದೆ ಸೆಟೆಸಿ. "ಕಂತಿನಲ್ಲಿ. ಆದ್ರೆ ನಾನು ಬಗ್ಗಲಿಲ್ಲ."

ಅದು ನಿಜ. ಬಗ್ಗಲು ಅವನಿಂದ ಆಗುತ್ತಲೂ ಇರಲಿಲ್ಲ.

ಹೋದದ್ದು ಇಷ್ಟು: ಆಫೀಸಿನ ಕುರ್ಚಿ ಒಂದು, ಮನೆಯ ಕುರ್ಚಿ ಮುಕ್ಕಾಲು.