ಪರದೆಗೆ ಬೆನ್ನು ಮಾಡಿದ ನಮ್ಮ ಮಾವ

ನಮ್ಮ ಸೋದರಮಾವನಷ್ಟು ಪಂದ್ಯಗಳ ಬಗ್ಗೆ ಮಾತಾಡಿದವರು ಇಡೀ ಹಾನಗಲ್ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಹಾಗೆಯೇ, ಅವನಷ್ಟು ಕಡಿಮೆ ಪಂದ್ಯ ನೋಡಿದವರೂ ಇನ್ನೊಬ್ಬರಿಲ್ಲ! ನಂಬುವುದಿಲ್ಲವೇ? ಬೇಡ ಬಿಡಿ, ನಾನೂ ಮೊದಮೊದಲು ನಂಬಿರಲಿಲ್ಲ. ಪಂದ್ಯ ಶುರುವಾಗುವ ತನಕ ಅವನ ಬಾಯಿಗೆ ಬಿಡುವಿಲ್ಲ. ಯಾರು ಬಲಿಷ್ಠರು, ಯಾರ ಹುಳುಕು ಎಲ್ಲಿದೆ, ಯಾರು ಎಷ್ಟು ಹೊತ್ತು ತಡೆಯುತ್ತಾರೆ, ಎಲ್ಲವನ್ನೂ ಮೈಕಿನಲ್ಲಿ ಬಿಡಿಸಿ ಬಿಡಿಸಿ ಹೇಳುತ್ತಾನೆ. ಸೀಟಿ ಊದಿದ್ದೇ ತಡ, ಮಹಾಶಯ ಗರ್ರನೆ ತಿರುಗಿ ಬೆನ್ನು ಹಾಕಿ ನಿಂತುಬಿಡುತ್ತಾನೆ. ಎಲ್ಲ ಮುಗಿದ ಮೇಲೆ ಪಕ್ಕದವರನ್ನು, "ಯಾರ್ ಗೆದ್ರೋ?" ಎಂದು ಕೇಳುತ್ತಾನೆ. ಅಡುಗೆಯನ್ನು ಬಾಯಲ್ಲಿ ನೀರೂರುವಂತೆ ವರ್ಣಿಸಿ ಊಟದ ಹೊತ್ತಿಗೆ ಎದ್ದುಹೋಗುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಮ್ಮ ಮನೆಯಲ್ಲಿ ಒಬ್ಬನಿದ್ದಾನೆ.

ಇದಕ್ಕೆಲ್ಲ ಮೂಲ ಹೋರಿ ಹಬ್ಬ. ದೀಪಾವಳಿಯಾದ ಮೇಲೆ ನಮ್ಮ ಕಡೆ ಊರೂರಲ್ಲಿ ಹೋರಿ ಬಿಡುತ್ತಾರೆ. ಹೋರಿಯ ಕೊರಳಲ್ಲಿ ಒಣಕೊಬ್ಬರಿಯ ಸರ, ಕೋಡಿಗೆ ಬಲೂನು, ಮೈಮೇಲೆ ಬಣ್ಣದ ಜೂಲು. ಓಡುವ ಹೋರಿಯ ಕೊಬ್ಬರಿ ಹರಿಯಲು ಹುಡುಗರು ಮುಗಿಬೀಳುತ್ತಾರೆ. ಯಾರ ಕೈಗೂ ಸಿಗದೆ ಓಡಿಹೋದದ್ದು ಗೆದ್ದ ಹೋರಿ. ಬಿಡುವ ಮುಂಚೆ ಅದರ ಹೆಸರು, ಊರು, ಪ್ರತಾಪಗಳನ್ನು ಮೈಕಿನಲ್ಲಿ ಸಾರಲು ಒಬ್ಬ ಬೇಕಲ್ಲ? ಆ ಒಬ್ಬ ನಮ್ಮ ಮಾವ. ಅವನು ಹೊಗಳಿದರೆ ಹೋರಿ ಸಾಕಿದವನೇ ಕಣ್ಣರಳಿಸಿ, "ಇದು ನಮ್ಮ ಹೋರಿ ಹೌದೇನ್ರಿ?" ಎಂದು ಕೇಳಬೇಕು, ಹಾಗೆ.

ಒಂದು ವರ್ಷ ತನ್ನದೇ ಹೋರಿಯನ್ನು ಮನಸಾರೆ ಹೊಗಳಿ, ಅದು ಓಡುವುದನ್ನು ಕಣ್ತುಂಬ ನೋಡುತ್ತ ನಿಂತ. ಹೋರಿ ನಾಲ್ಕು ಮಾರು ಹೋಗುವಷ್ಟರಲ್ಲಿ ಮುಗ್ಗರಿಸಿ ಬಿತ್ತು. ಕಾಲಿಗೆ ಪೆಟ್ಟಾಗಿ ಮತ್ತೆ ಅಖಾಡಕ್ಕೆ ಇಳಿಯಲೇ ಇಲ್ಲ. ಕಲ್ಲು ಎಡವಿತು ಎಂದು ಊರೆಲ್ಲ ಹೇಳಿದರೂ ಮಾವ ಕೇಳಲಿಲ್ಲ.

"ಮಂದಿ ಕಣ್ಣು ತಾಗಿದ್ರ ಲಿಂಬಿಹಣ್ಣು ಇಳಿಸಿ ಒಗೀಬಹುದು. ನನ್ನ ಕಣ್ಣ ತಾಗಿದ್ರ ಏನ್ ಇಳಿಸಿ ಒಗೀಲಿ?"

ಅಂದಿನಿಂದ ತಾನು ಹೊಗಳಿದ್ದನ್ನಾಗಲಿ, ತನ್ನದು ಎನ್ನುವ ಯಾವುದನ್ನಾಗಲಿ, ಅದು ನಡೆಯುವ ಹೊತ್ತಿನಲ್ಲಿ ಅವನು ನೋಡುವುದಿಲ್ಲ. ಹೊಸ ಟ್ರ್ಯಾಕ್ಟರ್ ಮನೆಗೆ ಬಂದಾಗ ಹಿತ್ತಲಲ್ಲಿ ನಿಂತಿದ್ದ. ಅತ್ತೆ ಹೆಂಚಿನ ಮೇಲೆ ರೊಟ್ಟಿ ಹಾಕಿದರೆ ಅದು ಉಬ್ಬುವ ತನಕ ತಲೆ ಎತ್ತಿ ಮೇಲಿನ ಜಂತಿ ನೋಡುತ್ತಾನೆ! ನನ್ನನ್ನು ಸವಣೂರಿಗೆ ಕೊಟ್ಟರು. ಸೋದರಮಾವನಾಗಿ ಮದುವೆಯ ಓಡಾಟವನ್ನೆಲ್ಲ ಹೆಗಲ ಮೇಲೆ ಹೊತ್ತವನು ತಾಳಿ ಕಟ್ಟುವ ಹೊತ್ತಿಗೆ ಗೋಡೆಗೆ ಮುಖ ಮಾಡಿ ನಿಂತ. ನನ್ನ ಮದುವೆಯ ಫೋಟೊಗಳಲ್ಲಿ ಮಾವನ ತಲೆಯ ಪಟಗದ ಹಿಂಭಾಗ ಬಹಳ ಚೆನ್ನಾಗಿ ಬಂದಿದೆ.

ಅವನ ಮಗಳು ಪಲ್ಲವಿ. ಹಾನಗಲ್ಲಿನ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾಳೆ, ಓದಿಗಿಂತ ಹೆಚ್ಚಾಗಿ ಫುಟ್‌ಬಾಲ್ ಆಡುತ್ತಾಳೆ. ಬಯಲಿನಲ್ಲಲ್ಲ, ಟಿವಿಯಲ್ಲಿ! ಕೈಯಲ್ಲಿ ಕಂಟ್ರೋಲರ್ ಹಿಡಿದು ಹೆಬ್ಬೆರಳಲ್ಲಿ ಗುಂಡಿ ಒತ್ತಿದರೆ ಪರದೆಯ ಮೇಲೆ ಆಟಗಾರರು ಓಡುತ್ತಾರೆ, ಒದೆಯುತ್ತಾರೆ, ಗೋಲು ಹೊಡೆಯುತ್ತಾರೆ. ಈಗ ಇದಕ್ಕೂ ತಾಲೂಕು ತಾಲೂಕುಗಳ ನಡುವೆ ಟೂರ್ನಮೆಂಟು ಉಂಟು. ಒಂದು ತಂಡಕ್ಕೆ ಇಬ್ಬರು. ಹಾನಗಲ್ಲಿನ ಪರವಾಗಿ ಪಲ್ಲವಿ ಮುಂದೆ ನುಗ್ಗುತ್ತಾಳೆ, ಅವಳ ಸಹಪಾಠಿ ರಿಯಾಜ್ ಹಿಂದೆ ನಿಂತು ಕಾಯುತ್ತಾನೆ.

ಮಗಳು ಟೂರ್ನಮೆಂಟಿಗೆ ಹೆಸರು ಕೊಟ್ಟಳೆಂದು ತಿಳಿದ ದಿನವೇ ಮಾವ ಅವಳನ್ನು ಹೋರಿ ಸಾಕಿದಂತೆ ಸಾಕತೊಡಗಿದ. ಬೆಳಿಗ್ಗೆ ನೆನೆಸಿದ ಹುರುಳಿ, ಮಧ್ಯಾಹ್ನ ಕೊಬ್ಬರಿ ಬೆಲ್ಲ. ಹೆಬ್ಬೆರಳುಗಳನ್ನು ಹಿಡಿದು, ತಿರುಗಿಸಿ, ಬೆಳಕಿಗೆ ಒಡ್ಡಿ ನೋಡಿ ಎಣ್ಣೆ ತಿಕ್ಕುತ್ತಿದ್ದ. ಬಾಯಿ ತೆರೆಸಿ ಹಲ್ಲು ಎಣಿಸಲಿಲ್ಲ ಎನ್ನುವುದೊಂದೇ ಸಮಾಧಾನ! ಹೆಬ್ಬೆರಳು ಜಖಂ ಆದೀತೆಂದು ಅವಳು ರೊಟ್ಟಿ ಬಡಿಯುವುದನ್ನೂ ನಿಲ್ಲಿಸಿದ. ಅತ್ತೆ ಸುಮ್ಮನಿರುತ್ತಾಳೆಯೇ?

"ಆಕಿ ಹೆಬ್ಬಟ್ಟಿಗೆ ಎಣ್ಣಿ ಹಚ್ಕೊಂಡು ಕುಂತ್ರ ರೊಟ್ಟಿ ಯಾರ್ ಬಡೀಬೇಕ್ರಿ?"

"ನಾ ಬಡೀತೇನಿ!"

ಬಡಿದ. ಆ ವಾರ ಆ ಮನೆಯಲ್ಲಿ ಎಲ್ಲ ಆಕಾರದ ರೊಟ್ಟಿಗಳೂ ಇದ್ದವು, ದುಂಡಗಿನದೊಂದು ಬಿಟ್ಟು.

ಒಂದು ದಿನ ರಿಯಾಜನ ಹೆಬ್ಬೆರಳುಗಳಿಗೂ ಬೆಚ್ಚಗಿನ ಔಡಲೆಣ್ಣೆ ತಿಕ್ಕಿದ. ಪಾಪ, ಹುಡುಗ ಹಿರಿಯರ ಮಾತು ಮೀರಲಾರದೆ ಕೈಚಾಚಿ ಕುಳಿತ. ಆಮೇಲೆ ಆಡಲು ಕುಳಿತರೆ ಕಂಟ್ರೋಲರ್ ಜಾರಿ ಅತ್ತೆಯ ಹಿಟ್ಟಿನ ಬುಟ್ಟಿಗೆ ಬಿತ್ತು. "ಕಾಕಾ, ಎಣ್ಣಿ ಆಟ ಮುಗದ ಮ್ಯಾಲೆ ಹಚ್ಚೋಣ್ರಿ," ಎಂದ ರಿಯಾಜ್, ಹಿಟ್ಟು ಕೊಡವುತ್ತ. ಮಾವ ಒಪ್ಪಿಕೊಂಡ.

ಸೆಮಿಫೈನಲ್ ನಮ್ಮ ಸವಣೂರಿನ ಕಾಲೇಜಿನಲ್ಲಿ, ಸವಣೂರಿನ ಹುಡುಗರ ಮೇಲೆ. ತವರೋ ಗಂಡನ ಮನೆಯೋ ಎಂದು ನನಗೆ ಇಕ್ಕಟ್ಟು. ಪಂದ್ಯದ ಮುನ್ನ ನಾಲ್ಕು ಮಾತಾಡಲು ಮೈಕು ಮಾವನ ಕೈಗೆ ಬಂತು. ಹೋರಿ ಹಬ್ಬದಲ್ಲಿ ಎದುರಾಳಿಯನ್ನು ತನ್ನದಕ್ಕಿಂತ ಒಂದು ಕೈ ಹೆಚ್ಚು ಹೊಗಳುವುದು ಅವನ ರೂಢಿ. ಸೋತವರಿಗೂ ಮರ್ಯಾದೆ ಉಳಿಯಬೇಕು ಎಂಬುದು ಅವನ ವಾದ. ಅದನ್ನೇ ಇಲ್ಲಿಯೂ ಮಾಡಿದ. ಸವಣೂರಿನ ವೀಳ್ಯದೆಲೆ, ಸವಣೂರಿನ ಖಾರ, ಸವಣೂರಿನ ಹುಡುಗರ ಕಾಲ್ಚಳಕ, ಅಲ್ಲ, ಕೈಚಳಕ! ಹೊಗಳಿಕೆ ಮುಗಿಯುವಷ್ಟರಲ್ಲಿ ಸವಣೂರಿನವರು ಅವನನ್ನೇ ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ಅವರ ಆಟಗಾರರಿಬ್ಬರೂ ನಾಚಿ ನಗುತ್ತ ಕುಳಿತಿದ್ದಾಗಲೇ ಪಲ್ಲವಿ ಮೊದಲ ಗೋಲು ಹೊಡೆದಳು. ನನ್ನ ಗಂಡ ಇವತ್ತಿಗೂ, "ನಿಮ್ಮ ಮಾವ ನಮ್ಮನ್ನ ಹೊಗಳಿ ಹೊಗಳಿ ಕೆಡವಿದ," ಎನ್ನುತ್ತಾರೆ. ಆ ಹೊತ್ತಿನಲ್ಲಿ ಕೆಡವಿದವನು ಕಿಟಕಿಯಾಚೆ ಬೇವಿನಮರ ನೋಡುತ್ತ ನಿಂತಿದ್ದ.

ಫೈನಲ್ ಶಿಗ್ಗಾಂವಿಯಲ್ಲಿ, ಹೈವೇ ಪಕ್ಕದ ಕಲ್ಯಾಣ ಮಂಟಪದಲ್ಲಿ. ಎದುರಾಳಿ ಹಿರೇಕೆರೂರು. ಹೋರಿ ವಿಷಯದಲ್ಲಾಗಲಿ ಬೇರೆ ಯಾವುದರಲ್ಲಾಗಲಿ ಹಾನಗಲ್ಲಿಗೂ ಹಿರೇಕೆರೂರಿಗೂ ಹಳೆಯ ಜಿದ್ದು. ಕಳೆದ ಸಲ ನಮ್ಮನ್ನು ಸೋಲಿಸಿ ಕಪ್ ಎತ್ತಿಕೊಂಡು ಹೋದವರು ಅವರೇ. ಅವರ ಆಟಗಾರರು ಹಿರೇಕೆರೂರಿನಲ್ಲಿ ಓದುವ ಮಾಸೂರಿನ ಅಣ್ಣತಮ್ಮ, ಒಬ್ಬ ಕಣ್ಣು ಮಿಟುಕಿಸಿದರೆ ಇನ್ನೊಬ್ಬನಿಗೆ ತಿಳಿಯುತ್ತದೆ ಎನ್ನುವಂಥ ಜೋಡಿ.

ಹಿಂದಿನ ದಿನ ನಾನು ತವರಿನ ಕಡೆ, ಮಾವನ ಮನೆಗೆ ಹೋಗಿದ್ದೆ. ಮಾವ ಕನ್ನಡಿಯ ಮುಂದೆ ನಾಳೆಯ ಮಾತುಗಳನ್ನು ತಾಲೀಮು ಮಾಡುತ್ತಿದ್ದ. ಪಲ್ಲವಿ ಬಂದು ಎದುರಿಗೆ ನಿಂತಳು.

"ಅಪ್ಪಾ, ನಾಳೆ ನೀ ನನ್ನ ಆಟ ನೋಡಬೇಕು."

"ಮಾತಾಡ್ತೇನಲ್ಲವ್ವಾ."

"ಮಾತಲ್ಲ, ನೋಡಬೇಕು. ಸಾಲ್ಯಾಗ ಕುಣಿಯೋ ಮುಂದನೂ ನೀ ಆ ಕಡೆ ಮಾರಿ ಮಾಡಿದಿ. ಗೆದ್ದು ತಿರುಗಿ ನೋಡಿದ್ರ ನನಗ ಬರೇ ನಿನ್ನ ಬೆನ್ನ ಕಾಣತೈತಿ. ನೋಡೂದಿಲ್ಲಂದ್ರ ನಾಳೆ ಬರಬ್ಯಾಡ, ಮೈಕೂ ಹಿಡೀಬ್ಯಾಡ."

ಅವಳ ಕಣ್ಣಲ್ಲಿ ನೀರಿತ್ತು. ಮಾವ ಸುಮ್ಮನಾದದ್ದನ್ನು ಕಂಡು ಅತ್ತೆ ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡಿದಳು! ಆಮೇಲೆ ಅವನು ನನ್ನನ್ನು ಪಡಸಾಲೆಗೆ ಕರೆದು ಪಿಸುಗುಟ್ಟಿದ.

"ಯವ್ವಾ, ನೋಡಿದ್ರ ನನ್ನ ಕಣ್ಣಿಂದ ಆಕಿ ಸೋಲ್ತಾಳ. ನೋಡದಿದ್ರ ಆಕಿ ಮನಸ್ಸ ಮುರೀತೈತಿ. ಯಾವ್ದನ್ನ ತಡಕೊಳ್ಳಲಿ?"

"ಸೋತ್ರ ಮುಂದಿನ ಸಲ ಗೆಲ್ತಾಳ, ಮಾವ. ನೋಡು," ಎಂದೆ. ಅವನು ಒಳಗೆ ಹೋಗಿ ಮಗಳ ತಲೆ ಸವರಿ, "ನೋಡ್ತೇನಿ," ಎಂದ.

ಮಂಟಪದಲ್ಲಿ ಹಿಂದಿನ ಮದುವೆಯ ಅಕ್ಕಿಕಾಳು ಇನ್ನೂ ಕಾಲಿಗೆ ಹತ್ತುತ್ತಿದ್ದವು. ವೇದಿಕೆಯ ಮೇಲೆ ದೊಡ್ಡ ಪರದೆ. ಅದರ ಎದುರಿಗೆ, ಕೆಳಗೆ, ಮದುಮಕ್ಕಳು ಕೂರುವ ಕೆಂಪು ಮಖಮಲ್ಲಿನ ಕುರ್ಚಿಗಳಲ್ಲಿ ನಾಲ್ವರು ಆಟಗಾರರು. ಹಿಂದೆ ನಾವೆಲ್ಲ. ಮಾವ ಚೀಲದಿಂದ ಒಣಕೊಬ್ಬರಿಯ ಸರ ತೆಗೆದು ಪಲ್ಲವಿಯ ಕೊರಳಿಗೆ ಹಾಕಿದ, ರಿಯಾಜನಿಗೆ ಹಾಕಿದ. ಮಾಸೂರಿನ ಅಣ್ಣತಮ್ಮಂದಿರಿಗೂ ಹಾಕಿದ! ನಂತರ ವೇದಿಕೆ ಹತ್ತಿ ಪರದೆಯ ಪಕ್ಕದಲ್ಲಿ ನಿಂತು ಮೈಕು ಹಿಡಿದ.

"ಕೇಳ್ರಿ ಮಹಾಜನಗಳ! ಮದಗದ ಕೆರಿ ನೀರು ಕುಡದ ಮಾಸೂರಿನ ಜೋಡಿ ಮಿಂಚು, ಹಿರೇಕೆರೂರಿನ ಹೆಮ್ಮಿ! ಎಡಗಡೆಯಿಂದ ಹೊಂಟ್ರಂದ್ರ ಗಾಳಿಗೂ ಸಿಗೂದಿಲ್ಲ. ಆದ್ರ ಒಂದ್ ಮಾತು, ಕಡೀ ಗಳಿಗಿಗೆ ಗಡಿಬಿಡಿ ಮಾಡ್ತಾರ. ಈ ಕಡೆ ಹಾನಗಲ್ಲಿನ ಗೋಡಿ ರಿಯಾಜ್! ಎದಿ ಕೊಟ್ಟು ನಿಂತ್ರ ಚಂಡು ದಾರಿ ಕೇಳ್ಕೊಂಡು ಹೋಗಬೇಕು! ಇನ್ನು ಆಕಿ..."

ಇಲ್ಲಿ ಅವನು ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಆಕಿ ನನ್ನ ಮಗಳು. ಹೊಗಳೂದಿಲ್ಲ. ನೀವ ನೋಡ್ರಿ."

ಚಪ್ಪಾಳೆ, ಸಿಳ್ಳು. ಆಟ ಶುರುವಾಯಿತು. ಅದೇ ಕ್ಷಣ, ಪರದೆಯತ್ತ ಕೈ ತೋರಿಸಿ ನಿಂತಿದ್ದ ಮಾವ ಗರ್ರನೆ ತಿರುಗಿ ಪರದೆಗೆ ಬೆನ್ನು ಮಾಡಿದ! ಅತ್ತೆ ಹಣೆ ಬಡಿದುಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಮಗಳ ತಲೆ ಮುಟ್ಟಿ ಕೊಟ್ಟ ಮಾತಲ್ಲವೇ?

ಮಾಸೂರಿನವರು ಎಡಗಡೆಯಿಂದಲೇ ನುಗ್ಗಿ ಮೊದಲ ಗೋಲು ಹೊಡೆದರು. ಮಾವ ಹೇಳಿದಂತೆಯೇ. ಅರ್ಧ ಆಟವಾದ ಮೇಲೆ ಪಲ್ಲವಿ ಸಮ ಮಾಡಿದಳು. ರಿಯಾಜ್ ಗೋಡೆಯಾಗಿ ನಿಂತ. ಕೊನೆಯ ಗಳಿಗೆಯಲ್ಲಿ ಅಣ್ಣತಮ್ಮಂದಿರಲ್ಲಿ ಕಿರಿಯವನು ಗಡಿಬಿಡಿ ಮಾಡಿ ಅಣ್ಣನಿಗೆ ಕೊಡಬೇಕಾದ ಚೆಂಡನ್ನು ರಿಯಾಜನಿಗೆ ಕೊಟ್ಟ. ರಿಯಾಜ್ ಅದನ್ನು ಉದ್ದಕ್ಕೆ ಮುಂದೆ, ಪಲ್ಲವಿಯತ್ತ ಅಟ್ಟಿದ. ಆಗ ಪರದೆಯತ್ತ ಒಮ್ಮೆಯೂ ತಿರುಗದ ನಮ್ಮ ಮಾವ, ಚೆಂಡು ಗೋಲಿನ ಹತ್ತಿರ ಹೋಗುವ ಮೊದಲೇ, "ಹೊಡದ್ಲು!" ಎಂದು ಕೂಗಿದ. ಆಮೇಲೆ ಗೋಲಾಯಿತು! ಹಾನಗಲ್ ಗೆದ್ದಿತು! ಕುರ್ಚಿಗಳು ಉರುಳಿದವು, ಪಟಾಕಿ ಹೊಡೆದರು, ರಿಯಾಜನನ್ನು ಎತ್ತಿ ಕುಣಿದರು, ಸವಣೂರಿನ ಸೊಸೆ ಎನ್ನುವುದನ್ನು ಮರೆತು ನಾನೂ ಕುಣಿದೆ.

ಕುಣಿದು ದಣಿದ ಮೇಲೆ ಸಿಟ್ಟು ನೆನಪಾಯಿತು. ವೇದಿಕೆಗೆ ಹೋಗಿ ಜಗಳ ತೆಗೆದೆ.

"ಮಾವ, ಕಡೀಕೂ ಮಾತು ತಪ್ಪಿದಿ. ಆಟ ನೋಡಲೇ ಇಲ್ಲ."

"ಪರದೆ ಮ್ಯಾಲೆ ಓಡಾಡೋರು ಯಾರೋ ಏನೋ, ಅವರ್ನ ನೋಡಿ ಏನ್ ಮಾಡ್ಲೆವ್ವಾ? ನಾ ಆಕಿನ್ನ ನೋಡಾಕತ್ತಿದ್ದೆ. ಸಣ್ಣಾಕಿದ್ದಾಗ ಪಾಟಿ ಮ್ಯಾಲೆ ಅಕ್ಷರ ತಿದ್ದೋ ಮುಂದ ನಾಲಿಗಿ ತುದಿ ಹೊರಗ ಬರ್ತಿತ್ತಲ್ಲ? ಗೋಲ್ ಹೊಡಿಯೋ ಮುಂದನೂ ಹಂಗ ಬರತೈತಿ. ಇಷ್ಟ್ ದಿನ ನನಗ ಗೊತ್ತ ಇರಲಿಲ್ಲ ನೋಡು."

ಆಗ ನನಗೆ ಹೊಳೆಯಿತು. ಪರದೆಗೆ ಬೆನ್ನು ಮಾಡಿದವನ ಎದುರಿಗೆ ಇದ್ದವಳು ಪಲ್ಲವಿ! ಆಟದ ಉದ್ದಕ್ಕೂ, ಮಗಳು ಸೋತಾಳೆಂಬ ಭಯವನ್ನು ನುಂಗಿಕೊಂಡು, ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತ ನಿಂತಿದ್ದ.

ಪಲ್ಲವಿ ಓಡಿಬಂದು ವೇದಿಕೆ ಹತ್ತಿದಳು. "ಅಪ್ಪಾ, ಪರದೆ ನೋಡಿದಾಗೆಲ್ಲ ಅದರ ಮಗ್ಗಲಕ್ಕ ನಿನ್ನ ಮಾರಿ ಕಾಣ್ತಿತ್ತು," ಎಂದವಳೇ, ಯಾರ ಕೈಗೂ ಸಿಗದ ತನ್ನ ಕೊಬ್ಬರಿ ಸರವನ್ನು ತೆಗೆದು ಅವನ ಕೊರಳಿಗೆ ಹಾಕಿದಳು. ಗೆದ್ದವರ ಬಗ್ಗೆ ಎರಡು ಮಾತಾಡಿ ಎಂದು ಯಾರೋ ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದರು. ಮೈಕಿನಲ್ಲಿ ಮಾವನ ಉಸಿರು ಮಾತ್ರ ಕೇಳಿಸಿತು. ಅವನು ಮಗಳನ್ನು ನೋಡುತ್ತಿದ್ದ.