ಕೆಂಪಿ ಏಳುವ ಹೊತ್ತು

ನಾನು ಪೈಲಟ್ಟು. ಈ ಮಾತು ಹೇಳುವ ಮೊದಲು ಯಾರಾದರೂ ನಗುತ್ತಾರೇನೋ ಎಂದು ಈಗಲೂ ಒಮ್ಮೆ ಹಿಂದೆ ಮುಂದೆ ನೋಡಿಕೊಳ್ಳುತ್ತೇನೆ. ಲೈಸೆನ್ಸಿನ ಮೇಲೆ ಹಾಗೆಯೇ ಅಚ್ಚಾಗಿದೆ, ಆದ್ದರಿಂದ ಸುಳ್ಳಲ್ಲ. ಆದರೆ ಇದುವರೆಗೆ ನಾನು ಹತ್ತಿರುವ ಅತಿ ದೊಡ್ಡ ವಾಹನವೆಂದರೆ ಚನ್ನಗಿರಿಯಿಂದ ದಾವಣಗೆರೆಗೆ ಹೋಗುವ ಬಸ್ಸು. ನನ್ನ ವಿಮಾನಕ್ಕೆ ಸೀಟಿಲ್ಲ, ಕಿಟಕಿಯಿಲ್ಲ. ಹೊಟ್ಟೆಯಲ್ಲಿ ಹತ್ತು ಲೀಟರ್ ಔಷಧಿ, ಸುತ್ತಲೂ ಆರು ಫ್ಯಾನು. ಅದು ಗೋವಿನಜೋಳದ ಮೇಲೆ ಹಾರಾಡುತ್ತ ಹುಳುವಿಗೆ ಔಷಧಿ ಹೊಡೆಯುತ್ತದೆ, ನಾನು ಬದುವಿನ ಮೇಲೆ ರಿಮೋಟ್ ಹಿಡಿದು ನಿಂತಿರುತ್ತೇನೆ. ಸಂತೇಬೆನ್ನೂರಿನ ನಮ್ಮ ಮಹಿಳಾ ಸಂಘಕ್ಕೆ ಡ್ರೋನ್ ಕೊಟ್ಟಾಗ ತರಬೇತಿಗೆ ಹೋಗಲು ಒಪ್ಪಿದವರು ಇಬ್ಬರೇ, ನಾನು ಮತ್ತು ರೇಣುಕಾ. ಮಿಕ್ಕವರೆಲ್ಲ ನಮ್ಮಿಬ್ಬರನ್ನು ಬಾಹ್ಯಾಕಾಶಕ್ಕೆ ಕಳಿಸುವಂತೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದರು.

ದೊಡ್ಡ ವಿಮಾನ ಓಡಿಸುವ ನಿಜವಾದ ಪೈಲಟ್ಟರು ನಾಯಿ ಬೆಕ್ಕು ಸಾಕಿಕೊಂಡು, ಅವನ್ನು ರೆಕ್ಕೆಯ ನೆರಳಲ್ಲಿ ಕೂರಿಸಿ ಫೋಟೊ ತೆಗೆಸಿಕೊಳ್ಳುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ಆಕಾಶದಲ್ಲಿ ಅಷ್ಟು ಕೆಲಸ ಇರುವವರಿಗೆ ನೆಲದ ಮೇಲೆ ಬಾಲ ಅಲ್ಲಾಡಿಸುವುದೊಂದು ಯಾಕೆ ಬೇಕು ಎಂದು ಆಗ ಕುತೂಹಲವಾಗಿತ್ತು. ಅದು ಗೊತ್ತಾಗಿದ್ದು ಕೆಂಪಿ ಬಂದ ಮೇಲೆ. ಜಗಳೂರಿನ ಕಡೆ ಒಂದು ಶೇಂಗಾ ಹೊಲದ ಕೆಲಸ ಮುಗಿಸಿ ಹೊರಡುವಾಗ ನಮ್ಮ ಲಗೇಜ್ ಆಟೊದಲ್ಲಿ, ಜನರೇಟರಿಗೂ ಬ್ಯಾಟರಿ ಪೆಟ್ಟಿಗೆಗೂ ನಡುವೆ, ಇಟ್ಟಿಗೆ ಬಣ್ಣದ ನಾಯಿಯೊಂದು ಕೂತಿತ್ತು. ಆಟೊ ಓಡಿಸುವವರು ನಮ್ಮ ಯಜಮಾನರು. ಅವರು ಮೂರು ಸಲ ಇಳಿಸಿದರು, ಅದು ನಾಲ್ಕು ಸಲ ಹತ್ತಿತು. "ಇರ್ಲಿ ಬಿಡೆ, ನಿನಗಿಂತ ಹಟಮಾರಿ ಐತೆ" ಎಂದು ಗಾಡಿ ಬಿಟ್ಟರು. ಆವತ್ತಿನಿಂದ ಹೊನ್ನಾಳಿಯ ಭತ್ತದ ಗದ್ದೆಯಿರಲಿ, ನ್ಯಾಮತಿಯ ಜೋಳದ ಹೊಲವಿರಲಿ, ನಾವು ಮೂವರು. ಗುರುತಿಲ್ಲದ ಊರಲ್ಲಿ ಹತ್ತಾರು ಗಂಡಸರು ಕೈಕಟ್ಟಿ ನಿಂತು, ಈ ಹೆಂಗಸು ಇದನ್ನು ಯಾವಾಗ ಬೀಳಿಸುತ್ತಾಳೋ ನೋಡೋಣ ಎಂದು ಕಾಯುವಾಗ, ಕಾಲ ಬಳಿ ಒಂದು ಜೀವ ಬೆಚ್ಚಗೆ ಒರಗಿಕೊಂಡಿದ್ದರೆ ಎಷ್ಟು ಧೈರ್ಯ ಎಂಬುದನ್ನು ಬಾಯಿಬಿಟ್ಟು ಹೇಳಿದರೆ ನೀವು ನಂಬುವುದಿಲ್ಲ. ನಾನು ಪೈಲಟ್ಟು ಎಂದು ನನಗೇ ಅನ್ನಿಸಿದ್ದು ಲೈಸೆನ್ಸ್ ಬಂದ ಮೇಲಲ್ಲ, ಕೆಂಪಿ ಬಂದ ಮೇಲೆ.

ತಿಂಗಳು ಕಳೆಯುವುದರೊಳಗೆ ಕೆಂಪಿಯ ವಿದ್ಯೆ ಹೊರಬಿತ್ತು. ಡ್ರೋನ್ ಹಾರಿದ ಕೂಡಲೇ ಮಲಗಿಬಿಡುತ್ತಿದ್ದಳು. ಟ್ಯಾಂಕು ಮುಗಿದು, ರಿಮೋಟ್ ಕುಂಯ್ ಎಂದು, ಡ್ರೋನ್ ನಮ್ಮತ್ತ ತಿರುಗುವ ಸ್ವಲ್ಪ ಮೊದಲು ತಾನಾಗಿ ಎದ್ದು, ಅದು ಇಳಿಯಲೆಂದು ಹಾಸಿದ ಕಿತ್ತಳೆ ಬಣ್ಣದ ಚಾಪೆಗೆ ಒಂದು ಸುತ್ತು ಹಾಕಿ, ದೂರ ಸರಿದು ಆಟೊದ ಚಕ್ರದ ಬಳಿ ಆಕಾಶ ನೋಡುತ್ತ ಕೂರುತ್ತಿದ್ದಳು. ಡ್ರೋನ್ ಇಳಿಯುತ್ತಿತ್ತು, ನಾನು ಅರ್ಧ ಬಿಸ್ಕತ್ತು ಕೊಡುತ್ತಿದ್ದೆ. ರಿಮೋಟಿಗೆ ಗೊತ್ತಾಗುವ ಮೊದಲೇ ನಾಯಿಗೆ ಗೊತ್ತಾಗುವುದು ಹೇಗೆ? ಹೊನ್ನಾಳಿಯ ಒಬ್ಬ ರೈತರು ಇದನ್ನು ಇಡೀ ಬೆಳಿಗ್ಗೆ ನೋಡಿ, "ಅಕ್ಕಾರೆ, ತಪ್ಪು ತಿಳ್ಕಾಬೇಡ್ರಿ. ಪೈಲಟ್ಟು ಅದು. ನೀವು ಹಿಂಗೆ ಸುಮ್ನೆ ಡಬ್ಬಿ ಹಿಡ್ಕಂಡು ನಿಂತೀರಿ, ಅಷ್ಟೆ" ಎಂದರು. ನಾನು ತಪ್ಪು ತಿಳಿಯಲಿಲ್ಲ, ಹೆಮ್ಮೆಪಟ್ಟೆ. ಮುಂದಿನ ವಾರ ನ್ಯಾಮತಿಯಿಂದ ಫೋನ್ ಮಾಡಿದವರೊಬ್ಬರು ಔಷಧಿಯ ವಿಚಾರ ಕೇಳುವ ಮೊದಲು "ನಾಯಿ ಬರ್ತೈತಲ್ರೀ?" ಎಂದು ಕೇಳಿದರು.

ಕುತೂಹಲ ತಡೆಯಲಾರದೆ ಪರೀಕ್ಷೆಗಳನ್ನು ಶುರುಮಾಡಿದೆ. ಒಂದು ದಿನ ಕೆಂಪಿಯನ್ನು ಡ್ರೋನಿಗೆ ಬೆನ್ನು ಮಾಡಿ ಮಲಗಿಸಿದೆ, ಎದ್ದಳು. ಸದ್ದಿನಿಂದ ತಿಳಿಯುತ್ತದೇನೋ ಎಂದು ಪಕ್ಕದಲ್ಲೇ ಜನರೇಟರ್ ಓಡಿಸಿದೆ, ಎದ್ದಳು. ಯಜಮಾನರೇ ಗುಟ್ಟಾಗಿ ಸನ್ನೆ ಮಾಡುತ್ತಾರೆಂದು ಅನುಮಾನ ಬಂದು, ಅವರನ್ನು ರಸ್ತೆಯ ಆಚೆಗೆ ಕಳಿಸಿದೆ. "ಮದ್ವೆ ಆಗಿ ಇಷ್ಟು ವರ್ಷ ಆತು, ನನ್ನ ಸನ್ನೆ ನಿನಗೇ ತಿಳಿಯಂಗಿಲ್ಲ, ನಾಯಿಗೆ ತಿಳೀತೈತಾ?" ಎಂದು ಗೊಣಗುತ್ತ ಹೋದರು. ಕೆಂಪಿ ಆಗಲೂ ಎದ್ದಳು. ಬದುವಿನ ಮೇಲೆ ಕೂತು, ಎಲೆಅಡಿಕೆ ಜಗಿಯುತ್ತ, ಗಾಳಿಯಿರಬಹುದೇ, ವಾಸನೆಯಿರಬಹುದೇ, ಹಿಂದಿನ ಜನ್ಮದಲ್ಲಿ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದಳೇ ಎಂದು ಬಗೆಬಗೆಯಾಗಿ ಯೋಚಿಸಿದೆ. ಈ ನಡುವೆ ಒಂದು ಕೆಟ್ಟ ಅಭ್ಯಾಸವೂ ಅಂಟಿತು. ರಿಮೋಟಿನ ಪರದೆಯಲ್ಲಿ ಬ್ಯಾಟರಿಯ ಅಂಕಿ ನೋಡುವುದು ಬಿಟ್ಟು ನಾಯಿಯನ್ನು ನೋಡತೊಡಗಿದೆ.

ಅಷ್ಟರಲ್ಲಿ ಸಾಹೇಬರು ತಪಾಸಣೆಗೆ ಬಂದರು. ನಮಗೆ ತರಬೇತಿ ಕೊಟ್ಟವರು ಅವರೇ, ಮೊದಲು ದೊಡ್ಡ ವಿಮಾನ ಓಡಿಸುತ್ತಿದ್ದವರು, ಮೈಸೂರು ಕಡೆಯವರು. ಉಬ್ರಾಣಿಯ ಒಂದು ಜೋಳದ ಹೊಲದಲ್ಲಿ ನಾವು ಸಿದ್ಧರಾಗುತ್ತಿದ್ದಾಗ ಅವರ ಕಣ್ಣು ಕೆಂಪಿಯ ಮೇಲೆ ಬಿತ್ತು.

"ಯಾರದಮ್ಮ ಈ ನಾಯಿ?"

"ನಮ್ದೇ ಸಾರ್. ಡ್ಯೂಟಿ ಮ್ಯಾಲೈತೆ."

ಸಾಹೇಬರು ನಗಲಿಲ್ಲ. ಹಾರಾಟದ ಜಾಗದಲ್ಲಿ ಪ್ರಾಣಿ ಇರಕೂಡದು, ನಾಳೆಯಿಂದ ಇದನ್ನು ಮನೆಯಲ್ಲಿ ಬಿಟ್ಟು ಬನ್ನಿ ಎಂದರು. ನಾನು ಬಿಡಲಿಲ್ಲ, ಇದು ಸಾಮಾನ್ಯ ನಾಯಿಯಲ್ಲ, ಡ್ರೋನ್ ಬರುವ ಮೊದಲೇ ಎದ್ದು ದೂರ ಸರಿಯುತ್ತದೆ, ಅಪಾಯವೇ ಇಲ್ಲ ಎಂದು ವಾದಿಸಿದೆ. ಅವರು ಕೆಂಪಿಯನ್ನೇ ನೋಡುತ್ತ, "ನಮ್ಮ ಏರ್‌ಫೀಲ್ಡಿನಲ್ಲಿ ಒಂದು ಬೆಕ್ಕಿತ್ತು. ನಾನು ಇಳಿದು ಬರುವವರೆಗೆ ವಿಮಾನ ನಿಲ್ಲಿಸುವ ಹ್ಯಾಂಗರ್ ಬಾಗಿಲಲ್ಲಿ ಕಾಯ್ತಿತ್ತು. ಅದಕ್ಕೂ ಎಲ್ಲ ಗೊತ್ತು ಅಂತಲೇ ನಾವು ಅಂದ್ಕೊಂಡಿದ್ವಿ. ಒಂದು ದಿನ ಬಾಗಿಲಲ್ಲಿ ಕಾಯದೆ, ವಿಮಾನ ನಿಲ್ಲುವ ಮೊದಲೇ ಎದುರಿಗೆ ಓಡಿಬಂತು" ಎಂದರು. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, "ಸರಿ, ಮೂರು ಸಲ ಹಾರಿಸಿ. ಮೂರು ಸಲವೂ ಅದು ಮೊದಲೇ ಎದ್ದು ಸರಿದರೆ ಗಾಡಿ ಹತ್ತಿರ ಇರಲಿ. ಏಳದಿದ್ದರೆ ಮನೆಗೆ" ಎಂದರು. ನಾನು ಖುಷಿಯಿಂದ ಒಪ್ಪಿದೆ. ಪರೀಕ್ಷೆಗೆ ಮೊದಲೇ ಪಾಸಾದವಳ ಹಾಗೆ ಯಜಮಾನರ ಕಡೆ ನೋಡಿ ಹುಬ್ಬನ್ನೂ ಹಾರಿಸಿದೆ.

ಸಾಹೇಬರ ಎದುರು ಎಲ್ಲವೂ ಪುಸ್ತಕದಲ್ಲಿದ್ದಂತೆ ನಡೆಯಿತು. ಕೈಗವಸು, ಕನ್ನಡಕ, ಮೂಗು ಬಾಯಿ ಮುಚ್ಚುವ ಮಾಸ್ಕು. ಡ್ರೋನ್ ಏರಿತು, ಕೆಂಪಿ ಮಲಗಿದಳು. ಡ್ರೋನ್ ಸಾಲು ಸಾಲು ಮುಗಿಸಿತು, ರಿಮೋಟ್ ಕುಂಯ್ ಎಂದಿತು, ಡ್ರೋನ್ ಬಂದು ಚಾಪೆಯ ಮೇಲೆ ಇಳಿಯಿತು. ಕೆಂಪಿ ಕಿವಿಯ ಮೇಲೆ ಕೂತ ನೊಣವನ್ನು ಓಡಿಸಿಕೊಂಡಳು, ಅಷ್ಟೆ. ಎರಡನೆಯ ಸಲ ಮಗ್ಗುಲು ಬದಲಿಸಿದಳು. ಮೂರನೆಯ ಸಲ ಯಜಮಾನರು ತಡೆಯಲಾರದೆ "ಕೆಂಪೀ, ಏಳವ್ವ, ಮರ್ಯಾದಿ ಹೋಗ್ತೈತೆ" ಎಂದು ಪಿಸುಗುಟ್ಟಿದರು. ಕೆಂಪಿ ಬಾಲದ ತುದಿ ಒಮ್ಮೆ ಅಲ್ಲಾಡಿಸಿ ಗೊರಕೆ ಮುಂದುವರಿಸಿದಳು. ಸಾಹೇಬರು ಗೆದ್ದವರ ಹಾಗೆ ಏನೂ ಆಡಲಿಲ್ಲ. ಬಗ್ಗಿ ಅವಳ ಕಿವಿಯ ಹಿಂದೆ ಕೆರೆದು, "ಒಳ್ಳೆ ನಾಯಿ. ಬದುಕಿರಲಿ" ಎಂದು ಜೀಪು ಹತ್ತಿದರು. ನನಗೆ ಸಿಟ್ಟು ಬಂದಿದ್ದು ಕೆಂಪಿಯ ಮೇಲೆ. ಆ ದಿನ ಬಿಸ್ಕತ್ತು ಕೊಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅದು ನೆನಪಾಗಿ ನನ್ನ ಅರ್ಧ ರೊಟ್ಟಿಯನ್ನು ಅವಳ ಮುಂದಿಟ್ಟು ಬಂದೆ.

ಕೆಂಪಿ ಮನೆಯಲ್ಲಿ ನಮ್ಮ ಅತ್ತೆಯ ಜೊತೆ ಉಳಿದಳು. ಬೆಳಿಗ್ಗೆ ಆಟೊ ಹೊರಡುವಾಗ ಅವಳನ್ನು ಕಂಬಕ್ಕೆ ಕಟ್ಟಿ, ಹಿಂತಿರುಗಿ ನೋಡಬಾರದೆಂದು ನಿರ್ಧರಿಸಿ, ಹಿಂತಿರುಗಿ ನೋಡುತ್ತಿದ್ದೆ. ಹೊಲಕ್ಕೆ ಹೋದರೆ "ಎಲ್ರೀ ನಿಮ್ಮ ದೊಡ್ಡ ಪೈಲಟ್ರು?" ಎಂಬ ಪ್ರಶ್ನೆ. ರಜೆ ಎನ್ನುತ್ತಿದ್ದೆ. ಕಾಲ ಬಳಿ ಖಾಲಿ. ಒಂದು ಸಲವಂತೂ ರಿಮೋಟಿನ ಪರದೆ ಬಿಟ್ಟು ಅಲ್ಲೇ ನೋಡುತ್ತ ನಿಂತು, ಬೇಲಿಯ ಲಂಟಾನದ ಪೊದೆಗೆ ಬಹಳ ನಿಷ್ಠೆಯಿಂದ ಔಷಧಿ ಹೊಡೆದೆ. ಸುಳ್ಳುಗಾತಿ ನಾಯಿಯನ್ನು ನಂಬಿದ್ದಕ್ಕೆ ಸರಿಯಾದ ಶಿಕ್ಷೆ ಎಂದು ಬೈದುಕೊಂಡೆ.

ವಾರವಾಗುವುದರೊಳಗೆ ಅತ್ತೆಯ ದೂರು ಬಂತು. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹಿಡಿದುಕೊಂಡರು.

"ನಿನ್ನ ನಾಯಿಗೆ ಏನು ಹುಚ್ಚೇ? ಪಾಪ ಅಂತ ನೀ ಹೋದ ಮ್ಯಾಲೆ ಹಗ್ಗ ಬಿಚ್ಚಿರ್ತೀನಿ. ಎಲೆಅಡಿಕೆ ಉಗುಳಾಕೆ ನಾ ಅಂಗಳಕ್ಕೆ ಇಳಿದ್ರೆ ಸಾಕು, ಮಲಗಿದ್ದು ಎದ್ದುಬಿಡ್ತೈತೆ. ನನ್ನ ಚಾಪೆಗೆ ಒಂದು ಸುತ್ತು ಹಾಕಿ, ದೂರ ಕುಂತು, ಆಕಾಶ ನೋಡ್ತೈತೆ. ನನ್ನ ಬಾಯಿಂದ ಏನು ವಿಮಾನ ಇಳೀತೈತಾ?"

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಆಮೇಲೆ ಒಳಗೆ ಹೋಗಿ ಎಲೆಅಡಿಕೆ ಮಡಿಚಿ ಬಾಯಿಗೆ ಹಾಕಿಕೊಂಡು ಬಂದೆ. ಸಪ್ಪಗಾಗುವವರೆಗೆ ಜಗಿದೆ, ಉಗುಳಿದೆ. ಕೆಂಪಿ ಎದ್ದಳು, ಸುತ್ತು ಹಾಕಿದಳು, ಮೇಲೆ ನೋಡಿದಳು. ಇಲ್ಲಿ ನಾನು ಮುಚ್ಚಿಟ್ಟಿದ್ದನ್ನು ಹೇಳಲೇಬೇಕಾಗಿದೆ. ಡ್ರೋನ್ ಏರಿದ ಕೂಡಲೇ ಮಾಸ್ಕನ್ನು ಗದ್ದಕ್ಕೆ ಇಳಿಸಿ ಎಲೆಅಡಿಕೆ ಹಾಕಿಕೊಳ್ಳುವುದು ನನ್ನ ಚಾಳಿ. ಅತ್ತೆ ಕಲಿಸಿದ್ದು, ನಮ್ಮ ಕಡೆ ಅದನ್ನು ಯಾರೂ ಚಟವೆನ್ನುವುದಿಲ್ಲ. ಡ್ರೋನ್ ಇಳಿಯುವ ಮೊದಲು ಸುತ್ತ ನಿಂತವರಿಗೆ "ದೂರ ಸರೀರಿ" ಎಂದು ಕೂಗಬೇಕು, ಕೂಗಲು ಬಾಯಿ ಖಾಲಿ ಇರಬೇಕು. ಒಂದು ಟ್ಯಾಂಕು ಔಷಧಿ ಮುಗಿಯುವುದಕ್ಕೂ ಒಂದು ಎಲೆಅಡಿಕೆ ಸಪ್ಪಗಾಗುವುದಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು. ನಾನು ಉಗುಳಿದರೆ ಡ್ರೋನ್ ಬರುತ್ತದೆ, ಡ್ರೋನ್ ಬಂದರೆ ಬಿಸ್ಕತ್ತು ಬರುತ್ತದೆ. ಕೆಂಪಿ ಕಲಿತಿದ್ದು ಇಷ್ಟನ್ನೇ. ಗಂಡನನ್ನು ರಸ್ತೆಯಾಚೆ ಕಳಿಸಿ ಪರೀಕ್ಷೆ ಮಾಡಿದ ನಾನು ನನ್ನ ಬಾಯಿಯ ಕಡೆ ಒಮ್ಮೆಯೂ ನೋಡಿಕೊಂಡಿರಲಿಲ್ಲ. ಉಬ್ರಾಣಿಯಲ್ಲಿ, ಸಾಹೇಬರ ಮುಂದೆ, ಬಾಯಿ ಖಾಲಿಯಿತ್ತು.

ಈಗ ಕೆಂಪಿಯ ಮೇಲಿನ ಅಪವಾದ ತೊಳೆಯಬೇಕಾದರೆ ನನ್ನ ತಪ್ಪನ್ನು ಒಪ್ಪಬೇಕು. ಔಷಧಿ ಹೊಡೆಯುವಾಗ ಬಾಯಿಗೆ ಏನೂ ಹಾಕಬಾರದು, ಮಾಸ್ಕು ತೆಗೆಯಬಾರದು ಎಂಬುದು ತರಬೇತಿಯ ಮೊದಲ ದಿನದ ಪಾಠ. ಯಜಮಾನರು "ಸುಮ್ನಿರೆ, ಯಾಕೆ ಕೆಣಕಾಕೆ ಹೋಗ್ತಿ" ಎಂದರು. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ, ಕಂಬಕ್ಕೆ ಕಟ್ಟಿದಾಗ ಕೆಂಪಿ ಬೊಗಳದೆ ಸುಮ್ಮನೆ ನೋಡಿದಳು. ಫೋನ್ ಮಾಡಿ ಸಾಹೇಬರಿಗೆ ಎಲ್ಲ ಹೇಳಿದೆ.

"ನಿಮ್ಮ ತಪ್ಪನ್ನು ನೀವೇ ಹೇಳೋಕೆ ಫೋನ್ ಮಾಡಿದ್ರಾ?"

"ಅದಕ್ಕಲ್ಲ ಸಾರ್. ನಾಯಿ ಸುಳ್ಳುಗಾತಿ ಅಲ್ಲ ಅಂತ ಹೇಳಾಕೆ ಮಾಡಿದೆ."

ಸಾಹೇಬರು ನಕ್ಕಿದ್ದು ಕೇಳಿಸಿತು. ಆಮೇಲೆ ತೀರ್ಪು ಕೊಟ್ಟರು. ನಾಯಿ ಬರಬಹುದು, ಆಟೊದ ಮುಂದಿನ ಸೀಟಿನಲ್ಲಿ ಕಟ್ಟಿರಬೇಕು, ಇಳಿಯಕೂಡದು. ನಾನು ಮಾತ್ರ ಹದಿನೈದು ದಿನ ಹೊಲಕ್ಕೆ ಹೋಗಕೂಡದು. ಅದು ಮುಗಿದ ಮೇಲೆ ಮತ್ತೆ ಮೊದಲ ದಿನದ ಪಾಠಕ್ಕೆ ಬಂದು ಕೂರಬೇಕು.

ಹಾಗಾಗಿ ಈಗ ಡ್ರೋನ್ ಹಾರಿಸಲು ರೇಣುಕಾ ಹೋಗುತ್ತಾಳೆ. ಮುಂದಿನ ಸೀಟಿನಲ್ಲಿ, ನನ್ನ ಜಾಗದಲ್ಲಿ, ಕೆಂಪಿ ಕಿವಿ ಗಾಳಿಗೆ ಬಿಟ್ಟು ಕೂತಿರುತ್ತಾಳೆ. ಮೊದಲ ದಿನ ಆಟೊ ತಿರುವು ದಾಟುವಾಗ ಅವಳು ಹಿಂತಿರುಗಿ ನೋಡಿದಳು ಎಂದು ನನ್ನ ನಂಬಿಕೆ, ಯಜಮಾನರು ಇಲ್ಲವೆನ್ನುತ್ತಾರೆ. ನಾನು ಮನೆಯಲ್ಲಿ ಅತ್ತೆಯ ಚಾಪೆಯ ಪಕ್ಕದಲ್ಲಿ ಕೂತು ಕಾಯುತ್ತೇನೆ. ಜಗಿಯುವುದನ್ನು ಬಿಟ್ಟಿದ್ದೇನೆ, ಅತ್ತೆ ಬಿಟ್ಟಿಲ್ಲ. ಅವರು ಉಗುಳಲು ಅಂಗಳಕ್ಕೆ ಇಳಿದಾಗಲೆಲ್ಲ ನನಗೇ ತಿಳಿಯದಂತೆ ಎದ್ದು ಬಾಗಿಲಿಗೆ ಬಂದು ಆಕಾಶ ನೋಡುತ್ತೇನೆ.